ಕಂಠಪಾಠವೂ ಅರ್ಥವಿಚಾರವೂ

ಕ್ರಿ.ಶ. 1822ರಲ್ಲಿ ಮದರಾಸಿನ ಗವರ್ನರನಾದ ಸರ್ ಥಾಮಸ್ ಮನ್ರೋವು ಆ ಪ್ರಾಂತದ ಶಾಲೆಗಳ ವಿವರವನ್ನು ಕೇಳಲು, ಬಳ್ಳಾರಿಯ ಕಲೆಕ್ಟರನಾದ ಕ್ಯಾಂಬೆಲ್ ಸಾಹೇಬನು 1823ರ ಆಗಸ್ಟಿನಲ್ಲಿ ವರದಿಯನ್ನು ಕಳುಹಿಸಿದನು. ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದು, 6,641 ವಿದ್ಯಾರ್ಥಿಗಳು ಓದುತ್ತಿದ್ದರು. ಅವುಗಳಲ್ಲಿ 235 ಕನ್ನಡ ಶಾಲೆಗಳು. ಲಿಂಗವಂತರು ಓದುತ್ತಿದ್ದ ಗ್ರಂಥಗಳಲ್ಲಿ ಬಸವಪುರಾಣ, ಚೆನ್ನಬಸವಪುರಾಣ, ಗಿರಿಜಾಕಲ್ಯಾಣ, ಅನುಭವಾಮೃತಗಳನ್ನು ಆ ವರದಿಯು ಹೆಸರಿಸುತ್ತದೆ.

ಬಾಲಕರು ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದುತ್ತಿದ್ದರು. ಮುಂದುವರಿದವರು ಕಿರಿಯರಿಗೆ ಹೇಳಿಕೊಡುತ್ತಿದ್ದರು. ಈ ಕ್ರಮವನ್ನು ಸಾಹೇಬನು ಮೆಚ್ಚಿದನು. ಆದರೆ ಕಾವ್ಯದ ಭಾಷೆಯು ಆಡುವ ಮಾತಿಗಿಂತ ಬೇರೆಯಾದುದರಿಂದ, ಮಕ್ಕಳು ನೂರಾರು ಪದ್ಯಗಳನ್ನು ಅರ್ಥವರಿಯದೆ ಗಿಳಿಗಳಂತೆ ಒಪ್ಪಿಸುತ್ತಿದ್ದರೆಂದೂ, ಅರ್ಥವನ್ನು ಬಿಡಿಸಿ ಹೇಳಬಲ್ಲ ಉಪಾಧ್ಯಾಯರೇ ವಿರಳವೆಂದೂ ಆಕ್ಷೇಪಿಸಿದನು.

ಈ ಆಕ್ಷೇಪವನ್ನು ಪರಕೀಯನ ಮಾತೆಂದು ತಳ್ಳಿಬಿಡುವುದು ಯುಕ್ತವಲ್ಲ. ಹಾಗೆಂದು ದೋಷವು ಗ್ರಂಥಗಳದ್ದೂ ಅಲ್ಲ, ಕಂಠಪಾಠದ್ದೂ ಅಲ್ಲ. ಅದೇ ಪುರಾಣಗಳನ್ನು ಮಠಗಳಲ್ಲಿ ವಾಚಿಸಿ, ಅರ್ಥ ಹೇಳಿ, ಪ್ರವಚನ ಮಾಡುವ ಪದ್ಧತಿಯುಂಟು. ಶೂನ್ಯಸಂಪಾದನೆಯ ರಚನೆಯೇ ಶರಣರ ಪ್ರಶ್ನೋತ್ತರರೂಪವಾದುದು. ಅಲ್ಲಿ ಪ್ರಶ್ನಿಸುವುದು ಅವಿನಯವಲ್ಲ, ಅನುಭಾವದ ಮಾರ್ಗವೇ ಆಗಿದೆ. ಅಂಥ ಪರಂಪರೆಯ ಗ್ರಂಥಗಳೇ ಶಾಲೆಯಲ್ಲಿ ಬರಿಯ ಉಚ್ಚಾರಣೆಯ ಸಾಧನಗಳಾದುದು ಬೋಧನಕ್ರಮದ ಲೋಪವು.

ಕಂಠಸ್ಥವಾದುದು ಕಣಜದ ಕಾಳಿನಂತೆ, ಬಿತ್ತಿದಲ್ಲದೆ ಬೆಳೆಯದು. ಆದುದರಿಂದ ಒಪ್ಪಿಸಿದ ಪ್ರತಿಯೊಂದು ಪದ್ಯದ ತರುವಾಯ ಶಿಷ್ಯನು ಅರ್ಥವನ್ನು ಕೇಳುವಂತೆಯೂ ಸಂದೇಹವನ್ನು ಎತ್ತುವಂತೆಯೂ ಮಾಡುವುದು ಉಪಾಧ್ಯಾಯನ ಧರ್ಮವಾಗಿರುತ್ತದೆ.