ಒಲೆಯ ಸುತ್ತಣ ಹಾಡು

ಜೆಪ್ಪು ಎಂದೊಡನೆ ಮಂಗಳೂರಿನವರಿಗೆ ಮೊದಲು ನೆನಪಾಗುವುದು ಹೆಂಚು. ಆ ಬಳಿಕ ಸೆಮಿನರಿ. ನೇತ್ರಾವತಿಯ ದಡದ ಜೇಡಿಮಣ್ಣಿನ ಗುಣವನ್ನು ಕಂಡ ಬಾಸೆಲ್ ಮಿಶನ್ನಿನವರು 1860ರ ದಶಕದಲ್ಲಿ ಇಲ್ಲಿನ ಮೋರ್ಗನ್ಸ್ ಗೇಟಿನ ಬಳಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಮಂಗಳೂರು ಹೆಂಚು ಎಂಬ ಹೆಸರು ದೇಶಾಂತರಗಳಿಗೆ ಹೋದುದು ಇಲ್ಲಿಂದಲೇ. ಯೇಸುಸಭೆಯ ಪಾದ್ರಿಗಳು 1879ರಲ್ಲಿ ಆರಂಭಿಸಿದ ಸಂತ ಜೋಸೆಫರ ಸೆಮಿನರಿಯೂ ಮುಂದೆ ಜೆಪ್ಪುವಿನಲ್ಲಿ ನೆಲೆಯೂರಿತು. ಈ ಎರಡರ ಚರಿತ್ರೆಯನ್ನೂ ಬಲ್ಲವರು ಬರೆದಿದ್ದಾರೆ. ಆದರೆ ಕಾರ್ಖಾನೆಯ ಹೆಂಚು ಹೊದೆದ ಮನೆಗಳ ಒಳಗೆ ನಡೆದ ಇನ್ನೊಂದು ಚರಿತ್ರೆ ಉಂಟು. ನೆರೆಹೊರೆಯವರು ಒಂದೆಡೆ ಸೇರಿ, ಕೈಯಾರೆ ಅರೆದು, ಬೇಯಿಸಿ, ಹಾಗೆ ಮಾಡುತ್ತಲೇ ಹಾಡುತ್ತಿದ್ದ ಚರಿತ್ರೆ ಅದು. ಅದಕ್ಕೆ ಕಡತಗಳು ಕಡಿಮೆ.

ಸಂಗೀತವೆಂದರೆ ಸಭೆಯಲ್ಲಿ ಕುಳಿತು ಕೇಳುವ ವಸ್ತು, ಅಡುಗೆಯೆಂದರೆ ಒಳಮನೆಯ ದುಡಿಮೆ ಎಂಬ ವಿಂಗಡಣೆ ನಮ್ಮಲ್ಲಿ ಬಹಳ ಹಳೆಯದೇನೂ ಅಲ್ಲ. ಕರಾವಳಿಯ ಮನೆಗಳಲ್ಲಿ ಇವೆರಡೂ ಒಂದೇ ಅಂಗಳದಲ್ಲಿದ್ದುವು. ಕಡೆಯುವ ಕಲ್ಲು ತಿರುಗುವ ಲಯಕ್ಕೆ ಹಾಡು ಹೊಂದುತ್ತಿತ್ತು. ಹಾಡಿನ ಉದ್ದಕ್ಕೆ ದುಡಿಮೆಯ ದಣಿವು ಮರೆಯಾಗುತ್ತಿತ್ತು. ಎಳೆಯ ಹುಡುಗಿಯೊಬ್ಬಳು ಅಡುಗೆಯನ್ನೂ ಹಾಡನ್ನೂ ಒಟ್ಟಿಗೇ ಕಲಿಯುತ್ತಿದ್ದಳು. ಯಾರೂ ಅವಳನ್ನು ಕೂರಿಸಿ ಪಾಠ ಹೇಳುತ್ತಿರಲಿಲ್ಲ. ತುರಿಮಣೆಯ ಮುಂದೆ ಕೂರಿಸುತ್ತಿದ್ದರು, ಅಷ್ಟೆ.

ಜೆಪ್ಪುವಿನಂತಹ ಕಡೆ ನೆಲೆಸಿದ ಕೊಂಕಣಿ ಕ್ರೈಸ್ತರ ಮದುವೆಯ ಹಿಂದಿನ ದಿನದ 'ರೋಸ್' ಎಂಬ ಆಚರಣೆ ಇದಕ್ಕೆ ಉತ್ತಮವಾದ ಉದಾಹರಣೆ. ರೋಸ್ ಎಂದರೆ ರಸ, ಇಲ್ಲಿ ತೆಂಗಿನಕಾಯಿಯ ಹಾಲು. ಮದುಮಗಳಿಗೆ ಅವಳ ಮನೆಯಲ್ಲಿ, ಮದುಮಗನಿಗೆ ಅವನ ಮನೆಯಲ್ಲಿ ಬಂಧುಗಳು ಒಬ್ಬೊಬ್ಬರಾಗಿ ಬಂದು ಈ ಹಾಲನ್ನು ಹಚ್ಚಿ ಹರಸುತ್ತಾರೆ. ಕನ್ಯಾವಸ್ಥೆಗೆ ವಿದಾಯ ಹೇಳುವ ಸ್ನಾನ ಅದು. ಈ ಕಾರ್ಯಕ್ಕೆ ಪಾದ್ರಿಗಳ ಅಗತ್ಯವಿಲ್ಲ. ಮನೆಯ ಹಿರಿಯರೇ ಇದರ ಪುರೋಹಿತರು, ಹಾಡೇ ಇದರ ಮಂತ್ರ. ಈ ಹಾಡುಗಳಿಗೆ 'ವೊವಿಯೊ' ಎಂದು ಹೆಸರು. ಹಾಡಬಲ್ಲ ಹಿರಿಯಳೊಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ದನಿಗೂಡಿಸುತ್ತಾರೆ. ಮಾಡುತ್ತಿರುವ ಕೆಲಸವನ್ನೇ ಹಾಡು ಹೇಳುತ್ತದೆ.

ಅಂದಿನ ದುಡಿಮೆಯೂ ಸಣ್ಣದಲ್ಲ. ಚಪ್ಪರ ಏಳಬೇಕು, ಮಸಾಲೆ ಅರೆಯಬೇಕು. ಮರುದಿನದ ಸಾನ್ನಾಂಗಳಿಗೆ ಅಕ್ಕಿಯನ್ನೂ ಉದ್ದನ್ನೂ ನೆನೆಹಾಕಿ, ಕಡೆದು, ಉಬ್ಬಲೆಂದು ಕಳ್ಳು ಬೆರೆಸಿ ರಾತ್ರಿಯಿಡೀ ಇಡಬೇಕು. ಕಳ್ಳಿನ ಪ್ರಮಾಣ ಎಷ್ಟು, ಹಿಟ್ಟಿನ ಹದ ಯಾವುದು ಎಂಬುದನ್ನು ಕೈಬೆರಳು ಹೇಳಬೇಕೇ ವಿನಾ ಪುಸ್ತಕ ಹೇಳಲಾರದು. ಮಳೆಯ ತಂಪಿಗೆ ಒಂದು ಲೆಕ್ಕ, ಬೇಸಗೆಯ ಸೆಕೆಗೆ ಇನ್ನೊಂದು. ಹತ್ತಾರು ಮನೆಗಳ ಹೆಂಗಸರು ಕೂಡಿದಲ್ಲದೆ ಇದು ಸಾಗುತ್ತಿರಲಿಲ್ಲ. ಕೂಡಿದ ಮೇಲೆ ಹಾಡದೆ ಇರುವುದೂ ಸಾಧ್ಯವಿರಲಿಲ್ಲ.

ಈ ಹಾಡುಗಳು ದಾಟಿಬಂದ ಕಷ್ಟಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಈ ಜನರ ಪೂರ್ವಿಕರು ಹದಿನಾರನೆಯ ಶತಮಾನದಿಂದ ಮೊದಲಾಗಿ ಬೇರೆ ಬೇರೆ ಕಾಲದಲ್ಲಿ ಗೋವೆಯಿಂದ ಕನ್ನಡ ಕರಾವಳಿಗೆ ಬಂದವರು. ಅತ್ತ ಗೋವೆಯಲ್ಲಿ 1736ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮನ್ಯಾಯಾಲಯವು ಒಂದು ಆಜ್ಞೆಯನ್ನು ಹೊರಡಿಸಿತು. ಮದುವೆಯಲ್ಲಿ ವೊವಿಯೊ ಹಾಡಕೂಡದು, ಮದುಮಕ್ಕಳಿಗೆ ಅರಸಿನ, ಎಣ್ಣೆ ಮೊದಲಾದುವನ್ನು ಹಚ್ಚಕೂಡದು ಎಂಬುದು ಅದರ ವಿಧಿಗಳಲ್ಲಿ ಸೇರಿತ್ತು. ಅಧಿಕಾರದಲ್ಲಿದ್ದವರು ಹೆಂಗಸರ ಹಾಡಿಗೆ ಇಷ್ಟು ಅಂಜಿದರೆಂದರೆ ಆ ಹಾಡಿನ ಬೇರು ಎಷ್ಟು ಆಳವಾಗಿದ್ದಿರಬೇಕು! ಹಳೆಯ ನೆಂಟಸ್ತಿಕೆ, ಹಳೆಯ ನಡೆ, ಹಳೆಯ ಮಾತು ಎಲ್ಲವೂ ಆ ಹಾಡಿನಲ್ಲೇ ಉಳಿದುಕೊಳ್ಳುತ್ತವೆ ಎಂಬುದನ್ನು ಅವರು ಸರಿಯಾಗಿಯೇ ಗ್ರಹಿಸಿದ್ದರು.

ಕನ್ನಡ ಜಿಲ್ಲೆಯಲ್ಲಿ ಆ ಹಾಡು ಉಳಿಯಿತು. 1784ರಲ್ಲಿ ಟಿಪ್ಪುಸುಲ್ತಾನನು ಈ ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಅವರಲ್ಲಿ ಬದುಕುಳಿದವರು ಮರಳಿ ಮನೆಮಾಡಿದುದು 1799ರ ತರುವಾಯ. ಹದಿನೈದು ವರ್ಷಗಳಲ್ಲಿ ಇಗರ್ಜಿಗಳು ಬಿದ್ದುವು, ಭೂಮಿ ಕೈಬಿಟ್ಟಿತು. ಹಿಂದಿರುಗಿದವರ ಬಾಯಲ್ಲಿ ಮಾತ್ರ ವೊವಿಯೊ ಇತ್ತು. ಸೆವರಿನ್ ಸಿಲ್ವ ಮತ್ತು ಸ್ಟೀಫನ್ ಫುಕ್ಸ್ ಎಂಬ ವಿದ್ವಾಂಸರು ದಕ್ಷಿಣ ಕನ್ನಡದ ಕ್ರೈಸ್ತರ ಮದುವೆಯ ಸಂಪ್ರದಾಯಗಳ ಕುರಿತು 1965ರಲ್ಲಿ ದೀರ್ಘವಾದ ಪ್ರಬಂಧವನ್ನು ಪ್ರಕಟಿಸಿದಾಗ, ಈ ಹಾಡುಗಳು ಅವರಿಗೆ ಧಾರಾಳವಾಗಿ ದೊರೆತುವು.

ಇನ್ನು ಜೆಪ್ಪುವಿನ ತುಳು ಮನೆಗಳತ್ತ ತಿರುಗೋಣ. ಇಲ್ಲಿ ಹಾಡು ಮೊದಲು ಹುಟ್ಟಿದುದು ಗದ್ದೆಯಲ್ಲಿ. ನೇಜಿ ನೆಡುವ ಹೆಂಗಸರು ಪಾಡ್ದನಗಳನ್ನೂ ಕಬಿತಗಳನ್ನೂ ಹಾಡುತ್ತ ಸಾಲು ಹಿಡಿದು ಸಾಗುತ್ತಿದ್ದರು. ಬಾಸೆಲ್ ಮಿಶನ್ನಿನ ಮೆನ್ನರ್ ಎಂಬವರು ಪಾಡ್ದನಗಳನ್ನು ಸಂಗ್ರಹಿಸಿ 1886ರಲ್ಲಿ ಮಂಗಳೂರಿನ ಮಿಶನ್ ಮುದ್ರಣಾಲಯದಲ್ಲಿ ಅಚ್ಚುಹಾಕಿಸಿದರು. ನೆಟ್ಟಿ ಮುಗಿದೊಡನೆ ಬರುವುದೇ ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜಡಿಮಳೆಯ ಕಾಲ. ಕಣಜ ಬರಿದು, ಕಡಲಲ್ಲಿ ದೋಣಿಯಿಲ್ಲ, ಮದುವೆ ಮುಂಜಿಗಳಿಲ್ಲ. ಹೊಸ ಮದುಮಗಳು ತವರಿಗೆ ಬರುತ್ತಾಳೆ. ಆಟಿಕಳೆಂಜ ಮನೆಮನೆಯ ಅಂಗಳದಲ್ಲಿ ಕುಣಿದು ಮಾರಿ ಕಳೆಯುತ್ತಾನೆ. ಚೆನ್ನೆಮಣೆ ಅಟ್ಟದಿಂದ ಇಳಿಯುತ್ತದೆ.

ಈ ಬಡತನದ ತಿಂಗಳೇ ತುಳುವರ ಅಡುಗೆಯನ್ನು ಬೆಳೆಸಿತು ಎಂದರೆ ತಪ್ಪಾಗಲಾರದು. ಬೇಲಿಯ ಬುಡದ ತಜಂಕಿನ ಸೊಪ್ಪು, ತಿಮರೆಯ ಚಟ್ನಿ, ಬೇಸಗೆಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಹಲಸಿನ ತೊಳೆ, ಬಿದಿರಿನ ಕಣಿಲೆ, ಕೆಸುವಿನೆಲೆಯ ಪತ್ರೊಡೆ, ಇವೆಲ್ಲ ಆಟಿಯ ಊಟ. ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಎಚ್ಚರವಿದೆ. ಕಣಿಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕದಿದ್ದರೆ ಅದರ ನಂಜು ಹೋಗದು. ಪತ್ರೊಡೆಯ ಹಿಟ್ಟಿಗೆ ಹುಣಿಸೆಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಎಲೆಯ ದಂಟಿನ ನಾರನ್ನು ಸವರಿ, ಬೆನ್ನ ಮೇಲೆ ಹಿಟ್ಟು ಬಳಿದು, ಎಲೆಯ ಮೇಲೆ ಎಲೆ ಇರಿಸಿ ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಬೇಕು. ಅದು ಒಬ್ಬರ ಕೆಲಸವಲ್ಲ. ಒಬ್ಬರು ಎಲೆ ಒರೆಸಿದರೆ ಒಬ್ಬರು ಕಡೆಯಬೇಕು, ಇನ್ನೊಬ್ಬರು ಸುತ್ತಬೇಕು.

ಆಟಿ ಅಮಾವಾಸ್ಯೆಯಂದು ಸೂರ್ಯೋದಯಕ್ಕೆ ಮೊದಲು ಪಾಲೆಮರದ ತೊಗಟೆಯನ್ನು ಕಲ್ಲಿನಿಂದ ಕೆತ್ತಿ ತಂದು ಕಷಾಯ ಮಾಡಿ ಕುಡಿಯುವುದು, ಮೇಲೆ ಮೆಂತೆಗಂಜಿ ಉಣ್ಣುವುದು ವಾಡಿಕೆ. ಮರವನ್ನು ಗುರುತಿಸಲು ಹಿರಿಯರು ಕಿರಿಯರನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಆ ನಡಿಗೆ ತಪ್ಪಿದ ಮೇಲೆ, ಪಾಲೆಯೆಂದು ತಿಳಿದು ಕಾಸರಕದ ತೊಗಟೆಯನ್ನು ತಂದು ಜೀವಕ್ಕೇ ಎರವಾದ ಪ್ರಸಂಗಗಳುಂಟು. ಕೈಯಿಂದ ಕೈಗೆ ದಾಟುವ ಅರಿವು ಕಡಿದುಹೋದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷಿ ಬೇಡ.

ಜೆಪ್ಪುವಿನ ಮಣ್ಣಿಗೆ ಮರಳಿ ಬರೋಣ. ಹೆಂಚಾಗುವ ಜೇಡಿಯಂಥ ಮಣ್ಣೇ ಕುಂಬಾರನ ತಿಗರಿಯಲ್ಲಿ ಸಾರಿನ ಬಿಸಲೆಯೂ ಆಗುತ್ತದೆ, ಗುಮಟೆಯೂ ಆಗುತ್ತದೆ. ಗುಮಟೆಯು ಎರಡೂ ಕಡೆ ಬಾಯಿರುವ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದು, ಕಿರಿದಾದ ಬಾಯನ್ನು ಅಂಗೈಯಿಂದ ಮುಚ್ಚಿ ತೆರೆದು ನಾದವನ್ನು ಏರಿಳಿಸುತ್ತಾರೆ. ಹಿಂದೆ ಇದಕ್ಕೆ ಉಡದ ಚರ್ಮವನ್ನು ಹಾಕುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಅದು ಅಪರಾಧವಾಯಿತು. ಈಗ ಆಡಿನ ಚರ್ಮ ಬಳಕೆಯಲ್ಲಿದೆ. ಒಂದು ಮಡಕೆ ಒಲೆಯ ಮೇಲೆ, ಇನ್ನೊಂದು ಮಡಕೆ ತೊಡೆಯ ಮೇಲೆ: ಚಪ್ಪರದ ರಾತ್ರಿಗೆ ಎರಡೂ ಬೇಕಿತ್ತು.

ಆಜ್ಞೆಗೂ ಸೆರೆಗೂ ಜಗ್ಗದ ಹಾಡು ಸೌಕರ್ಯದ ಮುಂದೆ ಮಾತ್ರ ತಣ್ಣಗಾಯಿತು. ಹಿಟ್ಟಿನ ಗಿರಣಿ ಬಂತು, ಆಮೇಲೆ ವಿದ್ಯುತ್ತಿನ ಅರೆಯುವ ಯಂತ್ರ ಬಂತು. ಗಂಡಸರು ಮುಂಬಯಿಗೆ, ಮುಂದೆ ಕೊಲ್ಲಿ ನಾಡುಗಳಿಗೆ ಹೋದರು. ಮದುವೆಯ ಅಡುಗೆ ಗುತ್ತಿಗೆಯವರ ಪಾಲಾಯಿತು, ರೋಸ್ ಅಂಗಳದಿಂದ ಸಭಾಭವನಕ್ಕೆ ಸಾಗಿತು. ಹೆಂಗಸರ ರಟ್ಟೆಯ ನೋವು ತಪ್ಪಿತು. ಅದಕ್ಕಾಗಿ ಯಾರೂ ದುಃಖಿಸಬೇಕಾಗಿಲ್ಲ. ಹಾಡನ್ನು ಉಳಿಸುವ ನೆವದಲ್ಲಿ ಅವರನ್ನು ಮತ್ತೆ ಕಲ್ಲಿನ ಮುಂದೆ ಕೂರಿಸುವುದು ನ್ಯಾಯವೂ ಅಲ್ಲ. ಆದರೆ ಯಂತ್ರದ ಗದ್ದಲದಲ್ಲಿ ಹಾಡಲಾಗದು, ಐದು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಹಾಡು ಬೇಕಾಗುವುದೂ ಇಲ್ಲ. ದುಡಿಮೆಯೊಡನೆ ಹುಟ್ಟಿದುದು ದುಡಿಮೆಯೊಡನೆ ಹೋಗತೊಡಗಿತು.

ಹೋಗುವುದನ್ನು ತಡೆಯುವ ಯತ್ನಗಳೂ ನಡೆದಿವೆ. 1986ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆ ಗುಮಟೆಗೂ ಹಳೆಯ ಕೊಂಕಣಿ ಹಾಡುಗಳಿಗೂ ಮತ್ತೆ ಗೌರವ ತಂದಿತು. 2008ರ ಜನವರಿ 26 ಮತ್ತು 27ರಂದು ನಲವತ್ತು ಗಂಟೆಗಳ ಕಾಲ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಜಗತ್ತಿನ ಗಮನ ಸೆಳೆಯಿತು. 1994ರಲ್ಲಿ ತುಳುವಿಗೂ ಕೊಂಕಣಿಗೂ ರಾಜ್ಯದ ಸಾಹಿತ್ಯ ಅಕಾಡೆಮಿಗಳಾದುವು. ಇತ್ತೀಚಿನ ದಶಕಗಳಲ್ಲಂತೂ 'ಆಟಿಡೊಂಜಿ ದಿನ' ಎಂಬ ಕೂಟಗಳು ಮಂಗಳೂರಿನ ಶಾಲೆ, ಸಂಘ, ಸಭಾಭವನಗಳಲ್ಲೆಲ್ಲ ನಡೆಯುತ್ತಿವೆ. ಜಾತಿಮತದ ಭೇದವಿಲ್ಲದೆ ಸೇರುತ್ತಾರೆ. ಪಾಡ್ದನ ಹಾಡುತ್ತಾರೆ, ಸಾಲಾಗಿ ಆಟಿಯ ತಿನಿಸುಗಳನ್ನಿಟ್ಟು ಉಣಬಡಿಸುತ್ತಾರೆ. ಬರಗಾಲದ ಊಟ ಹಬ್ಬದೂಟವಾಗಿದೆ.

ಇದನ್ನು ಕೆಲವರು ಬರಿಯ ಪ್ರದರ್ಶನವೆಂದು ಹಳಿಯುವುದುಂಟು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಮನೆಯಿಂದ ಮಾಡಿ ತಂದ ಪತ್ರೊಡೆಯನ್ನು ತಿಂದು, ವೇದಿಕೆಯ ಹಾಡಿಗೆ ಚಪ್ಪಾಳೆ ತಟ್ಟಿ ಮನೆಗೆ ಹೋದವನಿಗೆ ರುಚಿ ಸಿಕ್ಕಿತು, ವಿದ್ಯೆ ಸಿಗಲಿಲ್ಲ. ಆದರೆ ಅದೇ ಕೂಟದಲ್ಲಿ ಹತ್ತು ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ, ಅವರ ಕೈಗೆ ಕೆಸುವಿನೆಲೆ ಕೊಟ್ಟು, ಅಜ್ಜಿಯೊಬ್ಬಳು ಹಾಡೆತ್ತಿಕೊಟ್ಟರೆ ಮಾತು ಬೇರೆಯಾಗುತ್ತದೆ. ಹಿಟ್ಟು ಬಳಿಯಲು ಬೇಕಾಗುವ ಹೊತ್ತಿನಲ್ಲಿ ಒಂದು ಹಾಡಿಗೆ ಬೇಕಾದಷ್ಟು ಎಡೆಯಿದೆ. ಹಾಡಿಗೆ ಬೇಕಾದುದು ಕಲ್ಲಲ್ಲ. ಹಲವು ಕೈಗಳು ಒಟ್ಟಿಗೆ ತೊಡಗುವ, ಅವಸರವಿಲ್ಲದ ಒಂದು ಗಳಿಗೆ.

ಹಿರಿಯರ ದನಿಯನ್ನು ಹಿಡಿದಿಡುವ ಕೆಲಸವನ್ನು ಬಾನುಲಿ ಮಾಡಬಲ್ಲುದು, ಮಾಡಿಯೂ ಇದೆ. ಆದರೆ ಹಿಟ್ಟಿನ ಹದವನ್ನೂ ಪಾಲೆಯ ತೊಗಟೆಯ ಗುರುತನ್ನೂ ಗಾಳಿಯಲ್ಲಿ ಕಳುಹಿಸಲಾಗುವುದಿಲ್ಲ. ಅದಕ್ಕೆ ನೆರೆಯವರ ಅಂಗಳವೇ ಬೇಕು. ಮುಂದಿನ ಆಟಿಯಲ್ಲಿ ನಿಮ್ಮ ಕೇರಿಯ ಕೂಟಕ್ಕೆ ಹೋದಾಗ ತಟ್ಟೆ ಹಿಡಿಯುವ ಮೊದಲು ಎಲೆ ಒರೆಸುವವರ ಸಾಲಿನಲ್ಲಿ ಮಕ್ಕಳೊಡನೆ ಕುಳಿತುಕೊಳ್ಳಿ. ಹಾಡಲು ಬಾರದಿದ್ದರೂ ಚಿಂತೆಯಿಲ್ಲ, ದನಿಗೂಡಿಸಲು ಎಲ್ಲರಿಗೂ ಬರುತ್ತದೆ.