ವಸ್ತಿ ಬಸ್ಸು ಮತ್ತು ಕಾಣದ ಸಾಹೇಬರು

ನಮ್ಮೂರಿಗೆ ವಸ್ತಿ ಬಸ್ಸು ರಾತ್ರಿ ಎಂಟರ ಮೇಲೆ ಬರುತ್ತಿತ್ತು. ಹನುಮಪ್ಪನ ಗುಡಿಯ ಮುಂದೆ ರಾತ್ರಿ ಕಳೆದು ಬೆಳಿಗ್ಗೆ ಆರೂವರೆಗೆ ಹೊರಡುತ್ತಿತ್ತು. ಡ್ರೈವರ್, ಕಂಡಕ್ಟರ್ ಇಬ್ಬರೂ ಗುಡಿಯ ಕಟ್ಟೆಯ ಮೇಲೆ ಮಲಗುತ್ತಿದ್ದರು. ಓಣಿಯ ಯಾರಾದರೊಬ್ಬರ ಮನೆಯಿಂದ ರೊಟ್ಟಿ, ಝುಣಕ ಹೋಗುತ್ತಿತ್ತು. ರಾಯಬಾಗ ತಾಲೂಕಿನ ಆ ಹಳ್ಳಿಯಿಂದ 1983ರಲ್ಲಿ ಹೈಸ್ಕೂಲಿಗೆ ಹೊರಟ ಮೂವರು ಹುಡುಗಿಯರಲ್ಲಿ ನಾನೂ ಒಬ್ಬಳು. ಅಪ್ಪ ಒಂದೇ ಮಾತು ಹೇಳಿದ್ದ: "ಬಸ್ ಇರೂತನಕ ಸಾಲಿ. ಬಸ್ ನಿಂತಿತಂದ್ರ ನೀನೂ ಮನ್ಯಾಗ."

ಆ ಮಾತಿನ ಹೆದರಿಕೆಯಿಂದಲೇ ಒಮ್ಮೆ ಕಂಡಕ್ಟರರನ್ನು ಕೇಳಿದೆ, "ಕಾಕಾ, ಈ ಬಸ್ ಕಳಸವ್ರು ಯಾರು?" ಅವರು ನಕ್ಕು, "ಮ್ಯಾಲಿನ ಸಾಹೇಬ್ರು, ತಂಗಿ. ಅವ್ರು ಸಹಿ ಮಾಡಿದ್ರ ಗಾಡಿ, ಇಲ್ಲಂದ್ರ ಇಲ್ಲ" ಎಂದರು. ಆ ಸಾಹೇಬರನ್ನು ನಾನು ನೋಡಲೇ ಇಲ್ಲ. ಆದರೆ ಪರೀಕ್ಷೆಯ ದಿನಗಳಲ್ಲಿ ದೇವರಿಗೆ ಕೈ ಮುಗಿಯುವಾಗ ಅವರ ನೆನಪೂ ಆಗುತ್ತಿತ್ತು.

ಮುಂದೆ ಬಿ.ಎ., ಬಿ.ಎಡ್. ಮುಗಿಸಿ ಇತಿಹಾಸ ಪಾಠ ಮಾಡುವವಳಾದೆ. ರಾಜರು, ದಿವಾನರು, ಗವರ್ನರುಗಳ ಹೆಸರನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದೆ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಯಲ್ಲಿ ನನ್ನಂಥ ಹೆಣ್ಣುಮಕ್ಕಳ ಬದುಕನ್ನು ತಿರುಗಿಸಿದ ಅಧಿಕಾರಿಯ ಹೆಸರು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಅವರ ಹುದ್ದೆಗೆ ವಿಭಾಗೀಯ ನಿಯಂತ್ರಣಾಧಿಕಾರಿ ಎನ್ನುತ್ತಾರೆ. ಬಸ್ ಸ್ಟ್ಯಾಂಡಿನ ಭಾಷೆಯಲ್ಲಿ ಬರೀ 'ಡಿ.ಸಿ. ಸಾಹೇಬ್ರು'.

ನಮ್ಮ ಸೀಮೆಗೆ ಬಸ್ಸು ಎಷ್ಟು ಮುಖ್ಯ ಎಂಬುದನ್ನು ಪರ ಊರಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಮಿರಜ–ಬೆಳಗಾವಿ ರೈಲುದಾರಿ ಶೇಡಬಾಳ, ಉಗಾರ, ಕುಡಚಿ, ರಾಯಬಾಗದ ಮೇಲೆ ಹಾದುಹೋಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿ ಪಟ್ಟಣಗಳಿಗೆ ರೈಲಿಲ್ಲ. 'ಚಿಕ್ಕೋಡಿ ರೋಡ್' ಎಂಬ ನಿಲ್ದಾಣವೇನೋ ಇದೆ. ಅಲ್ಲಿ ಇಳಿದವರು ಚಿಕ್ಕೋಡಿ ಮುಟ್ಟಬೇಕಾದರೆ ಮತ್ತೆ ರಸ್ತೆಯೇ ಗತಿ. ಹೆರಿಗೆಗೆ ತವರಿಗೆ ಹೋಗುವವಳು, ನಿಪ್ಪಾಣಿಯ ತಂಬಾಕಿನ ಕೆಲಸಕ್ಕೆ ಹೋಗುವವಳು, ಅಲ್ಲಿಂದ ಗಡಿ ದಾಟಿ ಮಹಾರಾಷ್ಟ್ರದ ನೆಲದಲ್ಲಿರುವ ಅರ್ಜುನನಗರದ ದೇವಚಂದ ಕಾಲೇಜಿಗೆ ಹೋಗುವವಳು, ಎಲ್ಲರಿಗೂ ಬಸ್ಸೇ ಆಧಾರ.

ನಮ್ಮ ಹಿರಿಯರು ಬಸ್ಸಿಗೆ ಈಗಲೂ 'ಎಸ್.ಟಿ.' ಎನ್ನುತ್ತಾರೆ. ಆ ಹೆಸರಿನಲ್ಲೇ ಇತಿಹಾಸವಿದೆ. ಬೆಳಗಾವಿ ಜಿಲ್ಲೆ ಅಂದು ಮುಂಬಯಿ ಪ್ರಾಂತದಲ್ಲಿತ್ತು. 1948ರ ಜೂನ್ 1ರಂದು ಪುಣೆ–ಅಹಮದನಗರ ನಡುವೆ ಮುಂಬಯಿಯ ಮೊದಲ ಸರಕಾರಿ ಬಸ್ಸು, ಅಂದರೆ ಸ್ಟೇಟ್ ಟ್ರಾನ್ಸ್‌ಪೋರ್ಟ್, ಓಡಿತು. ಅದೇ ವರ್ಷ ಸಪ್ಟೆಂಬರ್ 12ರಂದು ಮೈಸೂರು ಸಂಸ್ಥಾನದಲ್ಲಿ 120 ಬಸ್ಸುಗಳೊಂದಿಗೆ ಸರಕಾರಿ ಸಾರಿಗೆ ಇಲಾಖೆ ಆರಂಭವಾಯಿತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಆಗಸ್ಟ್ 1ರಂದು ಇಲಾಖೆ ಹೋಗಿ ನಿಗಮವಾಯಿತು. 1997ರ ನವೆಂಬರ್ 1ರಂದು ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಬೇರೆಯಾಯಿತು. ಅದರ ವಿಭಾಗಗಳಲ್ಲಿ ಚಿಕ್ಕೋಡಿಯೂ ಒಂದು. ಬಸ್ಸಿನ ಮೇಲಿನ ಹೆಸರು ಇಷ್ಟು ಸಲ ಬದಲಾದರೂ ಅಜ್ಜಿಯ ಬಾಯಲ್ಲಿ ಅದು ಎಸ್.ಟಿ.ಯಾಗಿಯೇ ಉಳಿಯಿತು.

ಹುಬ್ಬಳ್ಳಿಯಲ್ಲಿ ವ್ಯವಸ್ಥಾಪಕ ನಿರ್ದೇಶಕರು, ಡಿಪೋದಲ್ಲಿ ಘಟಕ ವ್ಯವಸ್ಥಾಪಕರು. ಇವರಿಬ್ಬರ ನಡುವೆ ವಿಭಾಗವನ್ನು ಹೊತ್ತು ನಿಂತವರು ಈ ಡಿ.ಸಿ. ಸಾಹೇಬರು. ಅವರ ಕೈಕೆಳಗೆ ಬಸ್ಸುಗಳ ಓಡಾಟ ನೋಡುವವರು ಒಬ್ಬರು, ಇಂಜಿನ್ನು, ಟಾಯರು ನೋಡುವವರು ಇನ್ನೊಬ್ಬರು, ಲೆಕ್ಕಪತ್ರದವರು ಮತ್ತೊಬ್ಬರು. ಯಾವ ಹಳ್ಳಿಗೆ ಎಷ್ಟು ಸಲ, ಎಷ್ಟು ಹೊತ್ತಿಗೆ, ಯಾವ ದಾರಿಯಿಂದ ಬಸ್ಸು ಹೋಗಬೇಕು, ಡ್ರೈವರನಿಗೆ ಎಷ್ಟು ತಾಸಿನ ಕೆಲಸ, ಒಂದು ಲೀಟರ್ ಡೀಸೆಲ್ಲಿಗೆ ಎಷ್ಟು ಕಿಲೋಮೀಟರ್ ಬಂತು, ಅಪಘಾತವಾದರೆ ಮುಂದೇನು, ಎಲ್ಲವೂ ಕೊನೆಗೆ ಅವರ ಮೇಜಿಗೇ ಬರುತ್ತದೆ. ಭಾರತ ಹುಣ್ಣಿವೆಯ ಹೊತ್ತಿಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಜನಸಾಗರ ಬರುತ್ತದೆ. ಅದಕ್ಕೆ ಬೇರೆ ಬಸ್ಸು ಹೊಂದಿಸಬೇಕು, ಹೊಂದಿಸುವಾಗ ದಿನದ ಬಸ್ಸೂ ತಪ್ಪಬಾರದು. ನಾಲ್ಕು ರೊಟ್ಟಿಯಲ್ಲಿ ಆರು ಮಂದಿಗೆ ಬಡಿಸುವ ಲೆಕ್ಕ ನಮಗೆ ಹೆಂಗಸರಿಗೆ ಹೊಸದಲ್ಲ. ಅವರದೂ ಅದೇ ಲೆಕ್ಕ.

ಈ ಲೆಕ್ಕವನ್ನು ಕಷ್ಟಕ್ಕಿಟ್ಟದ್ದು ಕಾನೂನು. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 18ನೆಯ ಕಲಮು, ಜನರಿಗೆ ಸಾಕಷ್ಟು, ದಕ್ಷ, ಮಿತವ್ಯಯದ ಸಾರಿಗೆ ಒದಗಿಸುವುದು ನಿಗಮದ ಕರ್ತವ್ಯ ಎನ್ನುತ್ತದೆ. 22ನೆಯ ಕಲಮು, ನಿಗಮ ವ್ಯಾಪಾರದ ತತ್ವಗಳ ಮೇಲೆ ನಡೆಯಬೇಕು ಎನ್ನುತ್ತದೆ. ಹಳ್ಳಿಯ ಹುಡುಗಿಗೆ ಬಸ್ಸು ಬಿಡು ಎನ್ನುವುದು ಒಂದು, ನಷ್ಟವಾಗದಂತೆ ಬಿಡು ಎನ್ನುವುದು ಇನ್ನೊಂದು. ಈ ಎರಡು ಕಲಮುಗಳ ನಡುವೆ ಸಾಹೇಬರ ಕುರ್ಚಿ ಇದೆ.

ಆ ಕುರ್ಚಿಯ ಮುಂದೆ ನಾನು ಒಮ್ಮೆ ನಿಂತಿದ್ದೇನೆ. ನೌಕರಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ಶಾಲೆ ಯಾವುದು, ಕಚೇರಿ ಯಾವುದು ಎಂಬುದು ಇಲ್ಲಿ ಬೇಡ. ನಮ್ಮ ಶಾಲೆ ಬಿಡುತ್ತಿದ್ದುದು ಸಂಜೆ ಐದಕ್ಕೆ, ಬಸ್ಸು ಹೋಗುತ್ತಿದ್ದುದು ನಾಲ್ಕು ನಲವತ್ತಕ್ಕೆ. ಹಳ್ಳಿಯ ಹನ್ನೊಂದು ಹುಡುಗಿಯರಲ್ಲಿ ಕೆಲವರು ಕೊನೆಯ ಪಿರಿಯಡ್ ಬಿಟ್ಟು ಓಡುತ್ತಿದ್ದರು, ಉಳಿದವರು ನಡೆದೇ ಹೋಗುತ್ತಿದ್ದರು. ಕೊನೆಯ ಪಿರಿಯಡ್ ಗಣಿತದ್ದು. ಇಷ್ಟರಲ್ಲಿ ಬಸ್ಸು ಖಾಲಿ ಹೋಗುತ್ತದೆಂದು ಅದನ್ನೂ ನಿಲ್ಲಿಸಿದರು. ಆ ಮಳೆಗಾಲದಲ್ಲಿ ಮೂವರು ಹುಡುಗಿಯರು ಶಾಲೆ ಬಿಟ್ಟರು.

ನಾಲ್ವರು ತಾಯಂದಿರನ್ನು ಕರೆದುಕೊಂಡು ನಾನು ಆ ಕಚೇರಿಗೆ ಹೋದೆ. ಸಾಹೇಬರು ಗದರಲಿಲ್ಲ. ರಜಿಸ್ಟರ್ ತೆಗೆದು ತೋರಿಸಿದರು. "ಬಾಯಾರ, ನೀವ ನೋಡ್ರಿ. ಡೀಸೆಲ್ ರೊಕ್ಕನೂ ಹುಟ್ಟೂದಿಲ್ಲ. ಇದ್ದ ನಾಕು ಮಂದೀನೂ ಪಾಸಿನವರು. ಹತ್ತು ಊರವ್ರು ಬಸ್ ಕೇಳತಾರ, ನನ್ನ ಹತ್ರ ಇರೂದು ಆರು."

"ಸಾಹೇಬ್ರ, ಸಾಲಿ ಬಿಡೂದು ಐದಕ್ಕ. ನಿಮ್ಮ ಗಾಡಿ ಅದಕ್ಕೂ ಮದಲ ಹೋಗತೈತಿ. ಮಂದಿ ಎಲ್ಲಿಂದ ಹತ್ತಬೇಕ್ರಿ?" ಎಂದೆ.

ಅವರು ಪೆನ್ನು ಕೆಳಗಿಟ್ಟರು. "ಐದಕ್ಕ? ಇದನ್ನ ನನಗ ಯಾರೂ ಹೇಳಲೇ ಇಲ್ಲಲ್ಲ!"

ಹದಿನೈದು ದಿನಗಳಲ್ಲಿ ಬಸ್ಸು ಐದು ಇಪ್ಪತ್ತಕ್ಕೆ ಹೊರಡತೊಡಗಿತು. ಹುಡುಗಿಯರ ಜೊತೆ ಸಂತೆಗೆ ಬಂದ ಹೆಂಗಸರೂ ಹತ್ತಿದರು, ಬಸ್ಸು ತುಂಬಿತು. ಬಿಟ್ಟುಹೋದ ಮೂವರಲ್ಲಿ ಇಬ್ಬರು ಮರಳಿ ಶಾಲೆಗೆ ಬಂದರು. ಮೂರನೆಯವಳ ಮದುವೆಯಾಗಿಹೋಗಿತ್ತು. ಲೆಕ್ಕದಲ್ಲಿ ಜಾಣೆಯಾಗಿದ್ದಳು. ಆ ಸಾಹೇಬರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ನನ್ನ ಮೇಲೆ. ಗಂಟೆ ಬಾರಿಸುವ ಹೊತ್ತನ್ನು ಒಂದು ಹಾಳೆಯಲ್ಲಿ ಬರೆದು ಜೂನ್ ತಿಂಗಳಲ್ಲೇ ನಾನು ಕೊಡಬಹುದಿತ್ತು.

ಬಸ್ಸು ಬಿಡುವುದಷ್ಟೇ ಅಲ್ಲ, ನಿಲ್ಲಿಸುವುದೂ ಈ ಹುದ್ದೆಯ ಕೆಲಸ. 2019ರ ಆಗಸ್ಟಿನಲ್ಲಿ ವೇದಗಂಗೆಯ ನೀರು ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ಹೆದ್ದಾರಿಯನ್ನೇ ಮುಳುಗಿಸಿತು. ಕುಡಚಿ–ಉಗಾರ ನಡುವಿನ ಸೇತುವೆ ಕೃಷ್ಣೆಯ ಒಡಲು ಸೇರಿತು. ಅಂಥ ದಿನ ಬಸ್ಸು ಎಲ್ಲಿಯವರೆಗೆ ಹೋಗಬೇಕು, ಎಲ್ಲಿಂದ ತಿರುಗಬೇಕು ಎಂದು ಹೊತ್ತುಹೊತ್ತಿಗೆ ನಿರ್ಧರಿಸಬೇಕು. ನೀರು ಇಳಿದರೆ ಗಡಿಯ ಜಗಳ. 2022ರ ಡಿಸೆಂಬರಿನಲ್ಲಿ ಗಡಿ ವಿವಾದ ಬಿಸಿಯಾದಾಗ ಮಹಾರಾಷ್ಟ್ರ ತನ್ನ ಬಸ್ಸುಗಳನ್ನು ಕರ್ನಾಟಕಕ್ಕೆ ಬಿಡುವುದನ್ನು ನಿಲ್ಲಿಸಿತು. ಕಾಗವಾಡದವರಿಗೆ ಮಿರಜ ಆಸ್ಪತ್ರೆಯ ಊರು, ನಿಪ್ಪಾಣಿಯವರಿಗೆ ಕೊಲ್ಲಾಪುರ ಬೀಗರ ಊರು. ಘೋಷಣೆ ಕೂಗುವವರಿಗೆ ಇದರ ನೆನಪಿರುವುದಿಲ್ಲ. ಬಸ್ಸಿನ ವೇಳಾಪಟ್ಟಿ ಹಿಡಿದು ಕುಳಿತವರು ಇದನ್ನು ಮರೆಯುವಂತಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದ ಒಳಗೆ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಟಿಕೆಟಿನ ಹಣವಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ಮಹಾರಾಷ್ಟ್ರವೂ ತನ್ನ ಬಸ್ಸುಗಳಲ್ಲಿ ಮಹಿಳೆಯರಿಗೆ ಅರ್ಧ ದರ ಮಾಡಿತ್ತು. ಶಕ್ತಿಯಿಂದ ನನಗೆ ಕಂಡ ದೊಡ್ಡ ಬದಲಾವಣೆ ಬೇರೆಯೇ. ಅಂದು ಪಾಸಿನ ಹುಡುಗಿ ರಜಿಸ್ಟರಿನಲ್ಲಿ ನಷ್ಟವಾಗಿದ್ದಳು. ಇಂದು ಅವಳ ಕೈಗೆ ಬರುವ ಶೂನ್ಯ ಟಿಕೆಟಿನ ಬೆಲೆಯನ್ನು ಸರಕಾರ ಸಂಸ್ಥೆಗೆ ಕೊಡಬೇಕು. ಅಂದರೆ ಅವಳು ಲೆಕ್ಕಕ್ಕೆ ಬಂದಿದ್ದಾಳೆ. ಆದರೆ ಟಿಕೆಟ್ ಪುಕ್ಕಟೆಯಾದರೂ ಬಸ್ಸೇ ಬರದ ಊರಿನ ಹುಡುಗಿಗೆ ಏನು ಸಿಕ್ಕಿತು? ತುಂಬಿದ ಬಸ್ಸು ನಿಲ್ಲದೆ ಹೋದಾಗ ಕೈ ಅಡ್ಡ ಹಿಡಿದು ನಿಂತವಳಿಗೆ? ಅದಕ್ಕೆ ಉತ್ತರ ಈಗಲೂ ಸಾಹೇಬರ ಮೇಜಿನ ಮೇಲೆಯೇ ಇದೆ.

ಓದುತ್ತಿರುವ ತಾಯಂದಿರೇ, ಅಕ್ಕತಂಗಿಯರೇ, ನಿಮ್ಮ ಊರಿನ ಬಸ್ಸು ಹೊತ್ತಲ್ಲದ ಹೊತ್ತಿಗೆ ಬರುತ್ತಿದ್ದರೆ ಕಂಡಕ್ಟರನನ್ನು ಬೈಯಬೇಡಿರಿ. ಶಾಲೆ ಬಿಡುವ ಹೊತ್ತು, ಊರಿನ ಹೆಸರು, ಹುಡುಗಿಯರ ಸಂಖ್ಯೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ವಿಭಾಗದ ಕಚೇರಿಗೆ ಕೊಟ್ಟು, ಮುಟ್ಟಿದ್ದಕ್ಕೆ ಸಹಿ ಪಡೆಯಿರಿ. ನಾನು ಈಗ ಪ್ರತಿ ಜೂನಿನಲ್ಲಿ, ಶಾಲೆ ಸುರುವಾದ ಮೊದಲ ವಾರವೇ ಆ ಹಾಳೆ ಬರೆಯುತ್ತೇನೆ. ಬರೆಯುವಾಗಲೆಲ್ಲ ಆ ಮೂರನೆಯ ಹುಡುಗಿ ನೆನಪಾಗುತ್ತಾಳೆ.