ಅಗ್ಗದ ಫಿಶಿಂಗ್ ರಾಡ್ ಕೊಳ್ತೀರಾ? ದುಡ್ಡು ಕೊಡುವ ಮುನ್ನ ಅಂಗಡಿಯಲ್ಲೇ ಹೀಗೆ ಪರೀಕ್ಷಿಸಿ

ಗಾಳಕ್ಕೆ ಬಿದಿರು ಕೋಲು ಹುಡುಕುತ್ತಿದ್ದ ಹುಡುಗರು ಈಗ ರೀಲ್ ಇರುವ ಫಿಶಿಂಗ್ ರಾಡ್ ಕೇಳುತ್ತಾರೆ. ಸಾವಿರ ರೂಪಾಯಿ ಆಸುಪಾಸಿನ ರಾಡ್‌ಗಳು ಬಲೆ-ಹಗ್ಗದ ಅಂಗಡಿಯಲ್ಲೂ ಸಿಗುತ್ತವೆ, ಆನ್‌ಲೈನ್‌ನಲ್ಲೂ ಸಿಗುತ್ತವೆ. ನಾಲ್ಕಾರು ವರ್ಷ ಬಾಳುವ ರಾಡೂ ಮೊದಲ ಮೀನಿಗೇ ಮುರಿಯುವ ರಾಡೂ ನೋಡೋಕೆ ಒಂದೇ ಥರ ಇರುತ್ತವೆ. ವ್ಯತ್ಯಾಸ ಗೊತ್ತಾಗಬೇಕಾದರೆ ಐದು ನಿಮಿಷ ಕೈಯಲ್ಲಿ ಹಿಡಿದು ನೋಡಬೇಕು.

ನೇರ ಇದೆಯಾ?
ರಾಡ್ ಪೂರ್ತಿ ಜೋಡಿಸಿ, ಒಂದು ಕಣ್ಣು ಮುಚ್ಚಿ, ಹಿಡಿಯ ಕಡೆಯಿಂದ ತುದಿಯವರೆಗೆ ನೋಡಿ. ನೂಲು ಹಾದುಹೋಗುವ ರಿಂಗುಗಳೆಲ್ಲ ಒಂದೇ ಸಾಲಿನಲ್ಲಿ ಇರಬೇಕು. ಎಳೆದು ಉದ್ದ ಮಾಡುವ ರಾಡ್‌ನಲ್ಲಿ ತುಂಡುಗಳನ್ನು ತಿರುಗಿಸಿ ಸಾಲು ಸರಿ ಮಾಡಬಹುದು. ಆದರೆ ಕೋಲೇ ಸೊಟ್ಟಗಿದ್ದರೆ ಬೇರೆ ಪೀಸ್ ಕೇಳಿ.

ಜೋಡಣೆ ಬಿಗಿ ಇದೆಯಾ?
ಹೆಚ್ಚು ದೂರು ಬರುವ ಜಾಗ ಇದು. ಎಲ್ಲ ತುಂಡುಗಳನ್ನು ಎಳೆದು, ಸ್ವಲ್ಪ ತಿರುಚಿ ಬಿಗಿ ಮಾಡಿ. ನಂತರ ಮೆಲ್ಲಗೆ ಅಲ್ಲಾಡಿಸಿ. ಟಕ್ ಟಕ್ ಸದ್ದು ಬಂದರೆ ಜೋಡಣೆ ಸಡಿಲ. ರಾಡ್ ನೆಟ್ಟಗೆ ನಿಲ್ಲಿಸಿದಾಗ ಮೇಲಿನ ತುಂಡು ತಾನಾಗಿಯೇ ಒಳಗೆ ಜಾರಬಾರದು. ಕೂಡುವ ಜಾಗದಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ತಗೋಬೇಡಿ.

ಹತ್ತಿ ಪರೀಕ್ಷೆ
ಚಿಟಿಕೆ ಹತ್ತಿಯನ್ನು ಪ್ರತಿ ರಿಂಗಿನ ಒಳಗೂ ಸುತ್ತ ಉಜ್ಜಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕೋ ಚೂಪು ಅಂಚೋ ಇದೆ ಅಂತ ಅರ್ಥ. ಅಂಥ ರಿಂಗು ನೂಲನ್ನು ಸವೆಸುತ್ತದೆ, ಮೀನು ಜೋರಾಗಿ ಎಳೆದಾಗ ನೂಲು ಅಲ್ಲೇ ಕಡಿಯುತ್ತದೆ. ರಿಂಗಿನ ಬುಡವನ್ನು ಬೆರಳಿನಿಂದ ಒತ್ತಿ ನೋಡಿ, ಅಲ್ಲಾಡಬಾರದು.

ರೀಲ್ ಕೂರುವ ಜಾಗ
ರೀಲ್ ಹಾಕಿಸಿ, ಬಿಗಿ ಮಾಡಿಸಿ, ಎಡಕ್ಕೆ ಬಲಕ್ಕೆ ತಿರುಚಿ ನೋಡಿ. ಅಲುಗಾಡಿದರೆ ಬೇಡ. ಹಿಡಿಕೆ ತಿರುಗಿಸಿದಾಗ ಮರಳು ಸಿಕ್ಕಿಕೊಂಡ ಹಾಗೆ ಕರಕರ ಅನ್ನಬಾರದು. ನೂಲು ಎಳೆದರೆ ಒಂದೇ ಸಮ ಬಿಡಬೇಕು, ತಡೆ ತಡೆದು ಬಿಡಬಾರದು. ಕರಾವಳಿಯವರು ಕಬ್ಬಿಣದ ಭಾಗಗಳನ್ನು ವಿಶೇಷವಾಗಿ ಗಮನಿಸಿ. ಉಪ್ಪು ನೀರಿಗೆ ತುಕ್ಕು ಬೇಗ ಹಿಡಿಯುತ್ತದೆ.

ಬಗ್ಗಿಸುವ ರೀತಿ
ತುದಿ ಹಿಡಿದು ಕೈಯಿಂದ ಬಗ್ಗಿಸಬೇಡಿ. ಒಳ್ಳೆ ರಾಡ್ ಕೂಡ ಹಾಗೆ ಮುರಿಯುತ್ತದೆ. ನೂಲನ್ನು ಎಲ್ಲ ರಿಂಗುಗಳಲ್ಲಿ ಹಾಯಿಸಿ, ಇನ್ನೊಬ್ಬರಿಗೆ ಹಿಡಿಯಲು ಕೊಟ್ಟು, ನಿಧಾನವಾಗಿ ಎತ್ತಿ. ಬಾಗು ತುದಿಯಿಂದ ಕೆಳಗೆ ಒಂದೇ ಸಮ ಹರಡಬೇಕು. ಒಂದೇ ಕಡೆ ಮಡಚಿದ ಹಾಗೆ ಕಂಡರೆ, ಚಟ್ ಅಂತ ಸದ್ದು ಬಂದರೆ ಅಲ್ಲಿಗೇ ಬಿಡಿ.

'ಫ್ಲೈ ರಾಡ್' ಅಂತ ಹೇಳಿದರೆ
ಮೊದಲು ರೀಲ್ ಎಲ್ಲಿ ಕೂರುತ್ತದೆ ನೋಡಿ. ಫ್ಲೈ ರಾಡ್‌ನಲ್ಲಿ ರೀಲ್ ಹಿಡಿಯ ಕೆಳತುದಿಯಲ್ಲಿ, ಕೈಯ ಹಿಂದೆ ಬರುತ್ತದೆ. ಇಲ್ಲಿ ಪುಕ್ಕದ ಹಗುರ ಗಾಳವನ್ನು ದೂರ ಒಯ್ಯುವುದು ನೂಲಿನ ತೂಕವೇ. ಹಾಗಾಗಿ ರಾಡ್ ಮೇಲೆ ನೂಲಿನ ನಂಬರ್ ಬರೆದಿರುತ್ತದೆ. 5 ನಂಬರ್ ರಾಡ್‌ಗೆ 5 ನಂಬರ್ ಫ್ಲೈ ಲೈನ್ ಬೇಕು. ಮಾಮೂಲಿ ನೈಲಾನ್ ನೂಲು ಹಾಕಿ ಬೀಸಿದರೆ ಗಾಳ ಮುಂದೆ ಹೋಗುವುದಿಲ್ಲ. ನಂಬರ್ ಇಲ್ಲದ ಫ್ಲೈ ರಾಡ್ ಕೊಳ್ಳಬೇಡಿ.

ಕಾರ್ಬನ್ನಾ, ಗ್ಲಾಸ್ ಫೈಬರಾ?
ಕಾರ್ಬನ್ ಹಗುರ, ಆದರೆ ಕಲ್ಲಿಗೆ ಬಡಿದರೆ ಪೆಟ್ಟು ತಿನ್ನುತ್ತದೆ. ಗ್ಲಾಸ್ ಫೈಬರ್ ಸ್ವಲ್ಪ ಭಾರ, ಒರಟು ಬಳಕೆ ತಡೆಯುತ್ತದೆ. ಹೊಸಬರಿಗೆ, ಮಕ್ಕಳಿಗೆ ಗ್ಲಾಸ್ ಫೈಬರ್ ಸಾಕು.

ಒಂದು ಮಾತು ಮರೆಯಬೇಡಿ: ಕಾರ್ಬನ್ ರಾಡ್‌ನಲ್ಲಿ ಕರೆಂಟ್ ಹರಿಯುತ್ತದೆ. ಕೆರೆ ಏರಿ ಮೇಲೆ, ಗದ್ದೆ ಬದಿಯಲ್ಲಿ ವಿದ್ಯುತ್ ತಂತಿ ಹಾದುಹೋಗಿದ್ದರೆ ಅದರ ಕೆಳಗೆ ರಾಡ್ ಎತ್ತಬೇಡಿ, ಬೀಸಬೇಡಿ. ಗುಡುಗು ಶುರುವಾದರೆ ರಾಡ್ ಕೆಳಗಿಟ್ಟು ನೀರಿನಿಂದ ದೂರ ಬನ್ನಿ. ಅಂಗಡಿಯವರು ಮಾರುವಾಗಲೇ ಈ ಮಾತು ಹೇಳಿದರೆ ಒಂದು ಜೀವ ಉಳಿದೀತು.

ಬಿಲ್ ಕೇಳಿ, ಬಿಲ್ ಕೊಡಿ
ಪ್ಯಾಕೆಟ್ ಮೇಲೆ ಎಂಆರ್‌ಪಿ, ತಯಾರಕರ ಅಥವಾ ಆಮದುದಾರರ ಹೆಸರು-ವಿಳಾಸ ಇರಬೇಕು. ಬಿಲ್ ಕೊಡದಿರುವುದು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೋಷ ಇರುವ ಮಾಲನ್ನು ಬಿಲ್‌ನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲು ಒಪ್ಪದಿರುವುದೂ ಅದೇ ಲೆಕ್ಕಕ್ಕೆ ಬರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915.

ಅಂಗಡಿಯವರೂ ಸ್ಟಾಕ್ ಬಂದ ದಿನವೇ ಇದೇ ಪರೀಕ್ಷೆ ಮಾಡಿ, ಕೆಟ್ಟ ಪೀಸ್‌ಗಳನ್ನು ಸಗಟು ವ್ಯಾಪಾರಿಗೆ ವಾಪಸ್ ಕಳಿಸುವುದು ಒಳ್ಳೆಯದು. ಗಿರಾಕಿ ಮುರಿದ ರಾಡ್ ಹಿಡಿದು ಬಂದ ಮೇಲೆ ನಷ್ಟ ನಿಮ್ಮ ತಲೆಗೇ ಬರುತ್ತದೆ.